ಬಿಚ್ಚಿದ ಕೈಯೇ ಕೂಡಿಸಬೇಕು

ಪದವಿ ತರಗತಿಗಳಿಗೆ ಹಳಗನ್ನಡದ ಪಾಠ ಹೇಳುವ ಮನುಷ್ಯನೊಬ್ಬನು ಮೊಣಕೈಯವರೆಗೆ ಕರಿಯ ಎಣ್ಣೆಯನ್ನು ಬಳಿದುಕೊಂಡು, ಬೀದರದ ನೌಬಾದಿನ ಕಡೆಯ ಒಂದು ತಗಡಿನ ಗ್ಯಾರೇಜಿನಲ್ಲಿ, ಮೋಟಾರಿನ ಎಂಜಿನ್ನಿನೊಳಕ್ಕೆ ತಲೆ ಬಗ್ಗಿಸಿ ಕುಳಿತಿರುವುದನ್ನು ವಾಚಕರು ಕಲ್ಪಿಸಿಕೊಳ್ಳಬಲ್ಲರಾದರೆ, ಕಳೆದ ಚಳಿಗಾಲದ ನನ್ನ ಸಂಜೆಗಳು ಹೇಗೆ ಕಳೆದುವೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮನೆಯಾಕೆ ಇದನ್ನು ‘ಎಂ.ಎ. ದ್ವಿತೀಯ ಭಾಗ’ ಎಂದು ಕರೆದಳು. ಸಾಬೂನಿನ ಖರ್ಚಿನ ಲೆಕ್ಕವನ್ನೂ ಪ್ರತ್ಯೇಕವಾಗಿ ಇಟ್ಟಳು.

ಕಾರು ನಮ್ಮ ತಂದೆಯವರದು. ೧೯೯೭ರ ಮಾರುತಿ ೮೦೦. ಔರಾದಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಅವರು, ಬೇರೊಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡು ತಂದು, ಹೊಸದಕ್ಕಿಂತ ಹೆಚ್ಚಿನ ಅಕ್ಕರೆಯಿಂದ ನೋಡಿಕೊಂಡರು. ಭಾನುವಾರ ಬೆಳಿಗ್ಗೆ ಬಾನೆಟ್ಟನ್ನು ಎತ್ತಿ ನಿಲ್ಲಿಸಿ, “ಬಾ ತಮ್ಮಾ, ಪ್ಲಗ್ ಉಜ್ಜೋದು ತೋರಸ್ತೀನಿ” ಎಂದು ಕರೆಯುತ್ತಿದ್ದರು. ನಾನು ಪುಸ್ತಕದಿಂದ ತಲೆಯೆತ್ತದೆ “ನಾಳೆ” ಎನ್ನುತ್ತಿದ್ದೆ. ಅವರು ತೀರಿಕೊಂಡು ಆರು ವರ್ಷವಾಯಿತು. ಕಾರು ಅಂದಿನಿಂದ ಅಂಗಳದ ಬೇವಿನ ಮರದ ಕೆಳಗೆ ನಿಂತೇ ಇತ್ತು. ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿ ಒಳಕ್ಕೆ ನೀರಿಳಿದು, ಪಿಸ್ಟನ್ನುಗಳು ತುಕ್ಕಿನಲ್ಲಿ ಕಚ್ಚಿಕೊಂಡುಬಿಟ್ಟಿದ್ದುವು. ಹಳೆಯ ಕಬ್ಬಿಣದವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ನಮ್ಮ ಕಡೆ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಚಿನ್ನಕ್ಕೂ ಗುಜರಿಗೂ ನಡುವೆ ಒಂದು ಮಹಾಪ್ರಾಣದಷ್ಟೇ ಅಂತರವೆಂಬುದನ್ನು ಕನ್ನಡದ ಅಧ್ಯಾಪಕನಾದ ನಾನು ಅಂದು ಮೊದಲ ಬಾರಿಗೆ ಗಮನಿಸಿದೆ. ಅವ್ವ ಬೇಡವೆನ್ನಲಿಲ್ಲ, ಕೊಡು ಎಂದೂ ಹೇಳಲಿಲ್ಲ. ಒಳಗೆ ಹೋಗಿ ಮರದಲ್ಲಿ ಅಕ್ಕಿ ಕೇರುತ್ತ ಕುಳಿತಳು. ಹಬ್ಬಕ್ಕೆಂದು ತಂದಿಟ್ಟಿದ್ದ, ಕೇರುವ ಅಗತ್ಯವೇ ಇಲ್ಲದ ಅಕ್ಕಿ ಅದು.

ಮರುವಾರ ಕಾರನ್ನು ಟೆಂಪೋದ ಬೆನ್ನಿಗೆ ಕಟ್ಟಿಸಿ, ಸಂತಪುರ, ಕೌಠಾ, ಮಾಂಜ್ರಾ ಹೊಳೆಯ ಸೇತುವೆಗಳನ್ನು ದಾಟಿಸಿ ಬೀದರಕ್ಕೆ ತಂದೆ.

ಗ್ಯಾರೇಜಿನ ಯಜಮಾನರನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತದೆ. ಅರುವತ್ತು ದಾಟಿದ ವಯಸ್ಸು. ದಖನಿಯ ಧಾಟಿಯಲ್ಲಿ ಸ್ವಚ್ಛವಾದ ಕನ್ನಡ ಮಾತಾಡುತ್ತಾರೆ. ರಿಪೇರಿ ಮಾಡಿಕೊಡಿರೆಂದು ಕೇಳುವ ಬದಲು, ಎಂಜಿನ್ನು ಕಟ್ಟುವುದನ್ನು ನನಗೆ ಕಲಿಸಿಕೊಡಬೇಕೆಂದು ನಾನು ವಿನಂತಿಸಿದಾಗ, ಅವರು ನನ್ನ ಇಸ್ತ್ರಿಯ ಅಂಗಿಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು.

“ಬಿಚ್ಚೋದೂ ನೀವೇ, ಕೂಡ್ಸೋದೂ ನೀವೇ ಸರ್. ಬಿಚ್ಚಿದ ಕೈಯೇ ಕೂಡಿಸಬೇಕು. ನಾ ಬಾಜೂಕ ಕೂತು ನೋಡ್ತೀನಿ. ಕಬೂಲ್ ಅದಾ?”

ನಾನು ಕಬೂಲಾದೆ.

ಪಾಠ ಆರಂಭವಾದದ್ದು ಎರಡು ಸ್ಟೀಲಿನ ಲೋಟಗಳಿಂದ. ದೊಡ್ಡ ಲೋಟದೊಳಕ್ಕೆ ಚಿಕ್ಕದನ್ನು ಬೋರಲಾಗಿ ಇಳಿಸಿ, ಮೇಲೆ ಕೆಳಗೆ ಆಡಿಸಿ, “ಇಷ್ಟೇ ಎಂಜಿನ್, ಬಾಕಿ ಎಲ್ಲಾ ಇದರ ನೌಕರರು” ಎಂದರು ಉಸ್ತಾದ್. ದೊಡ್ಡ ಲೋಟ ಸಿಲಿಂಡರು, ಚಿಕ್ಕದು ಪಿಸ್ಟನ್ನು. ಪಿಸ್ಟನ್ನಿನ ಕೆಳಗೆ ಒಂದು ಕೋಲು. ಅದು ಕನೆಕ್ಟಿಂಗ್ ರಾಡು. ಕೋಲಿನ ಕೆಳತುದಿ ಸೊಟ್ಟಗೆ ಮಾಡಿದ ಒಂದು ದಂಡವನ್ನು ಹಿಡಿದಿರುತ್ತದೆ, ಅದು ಕ್ರ್ಯಾಂಕು. ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಮೇಲೆ ಕೆಳಗೆ ಆಡುವ ಪಾದದ ಹಲಗೆಯು ಗಾಲಿಯನ್ನು ಸುತ್ತಿಸುವ ಉಪಾಯವೇ ಇಲ್ಲಿಯೂ ಇರುವುದು. ತುಳಿಯುವ ಕಾಲಿನ ಬದಲಿಗೆ ಇಲ್ಲಿ ಪೆಟ್ರೋಲಿನ ಸಿಡಿತವಿದೆ.

ಆ ಸಿಡಿತಕ್ಕೊಂದು ಕ್ರಮವಿದೆ. ಪಿಸ್ಟನ್ನು ಕೆಳಗಿಳಿಯುತ್ತ ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೇರುತ್ತ ಅದನ್ನು ಸುಮಾರು ಒಂಬತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಅದುಮುತ್ತದೆ. ಆಗ ಪ್ಲಗ್ಗಿನ ಕಿಡಿ ತಾಗಿ ಹೊತ್ತಿಕೊಂಡ ಬೆಂಕಿ ಅದನ್ನು ಕೆಳಕ್ಕೆ ನೂಕುತ್ತದೆ. ಮತ್ತೆ ಮೇಲೆ ಬರುತ್ತ ಸುಟ್ಟ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಈ ನಾಲ್ಕರಲ್ಲಿ ಗಳಿಕೆಯ ಕೆಲಸ ಒಂದೇ. ಉಳಿದ ಮೂರೂ ಸಂಸಾರದ ಖರ್ಚು. ಅದಕ್ಕಾಗಿಯೇ ಒಂದೇ ಸಿಲಿಂಡರನ್ನು ನಂಬದೆ ನಮ್ಮ ಕಾರಿನಲ್ಲಿ ಮೂರನ್ನು ಇಟ್ಟಿದ್ದಾರೆ. ಕ್ರ್ಯಾಂಕು ಎರಡು ಸುತ್ತು ಸುತ್ತುವಷ್ಟರಲ್ಲಿ ಒಂದನೆಯದು, ಮೂರನೆಯದು, ಎರಡನೆಯದು ಎಂಬ ಸರದಿಯಲ್ಲಿ ಮೂವರೂ ಒಮ್ಮೊಮ್ಮೆ ಸಿಡಿದು, ಗಳಿಸದವರನ್ನು ಗಳಿಸಿದವನು ಎಳೆದುಕೊಂಡು ಹೋಗುತ್ತಾನೆ. ನಮ್ಮದು ಕೂಡುಕುಟುಂಬವಾದ್ದರಿಂದ ಇದು ನನಗೆ ಬೇಗ ಅರ್ಥವಾಯಿತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಿಲಿಂಡರಿನ ಬಾಯಿಯ ಅಗಲ ೬೮.೫ ಮಿಲಿಮೀಟರು, ಪಿಸ್ಟನ್ನಿನ ಓಡಾಟದ ಉದ್ದ ೭೨. ಗುಣಿಸಿ ನೋಡಿದರೆ ಒಂದೊಂದು ಸಿಲಿಂಡರಿನ ಹೊಟ್ಟೆ ೨೬೫ ಘನ ಸೆಂಟಿಮೀಟರು, ಎಂದರೆ ಒಂದು ನೀರಿನ ಲೋಟದಷ್ಟು. ಮೂರೂ ಸೇರಿ ೭೯೬. ‘೮೦೦’ ಎಂಬ ಹೆಸರು ಬಂದದ್ದು ಹೀಗೆ. ಕ್ರ್ಯಾಂಕು ನಿಮಿಷಕ್ಕೆ ೩,೦೦೦ ಸುತ್ತು ಸುತ್ತುವಾಗ ಪ್ರತಿ ಪಿಸ್ಟನ್ನೂ ಸೆಕೆಂಡಿಗೆ ೫೦ ಬಾರಿ ಇಳಿದು ಏರುತ್ತದೆ, ಮೂರರಲ್ಲೂ ಸೇರಿ ಸೆಕೆಂಡಿಗೆ ೭೫ ಸಿಡಿತಗಳಾಗುತ್ತವೆ. ಇಷ್ಟೆಲ್ಲ ನಡೆಯುತ್ತಿರುವಾಗ ಒಳಗೆ ಕುಳಿತವರು ಗುಡಿಯ ಜಾತ್ರೆಗೆ ಯಾವ ಸೀರೆ ಎಂಬುದನ್ನು ಚರ್ಚಿಸುತ್ತಿರುತ್ತಾರೆ.

ಬಿಚ್ಚುವ ಕೆಲಸಕ್ಕೆ ನನ್ನ ಜೊತೆಗಾರನಾಗಿ ಉಸ್ತಾದರು ಒಬ್ಬ ಹುಡುಗನನ್ನು ಕೊಟ್ಟರು. ಅವನು ಪಾನಾಗಳ ಪೆಟ್ಟಿಗೆಯನ್ನು ತಂದು ಕೆಳಗಿಟ್ಟು ತಲೆಯೆತ್ತಿದಾಗ ಇಬ್ಬರೂ ಬೆಚ್ಚಿದೆವು. ಭಾಲ್ಕಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ! ಬೀದರದಿಂದ ಭಾಲ್ಕಿಗೆ ನಾನು ಹೋಗುವ ಬೆಳಗಿನ ರೈಲನ್ನು ಪದೇ ಪದೇ ತಪ್ಪಿಸಿಕೊಂಡು, ಮೊದಲ ಗಂಟೆಯ ನನ್ನ ತರಗತಿಗೆ ಬಾರದೆ, ಬಂದ ದಿನ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನು. ಎಲ್ಲರೆದುರಿಗೆ ಅವನ ಕರಿಯ ಉಗುರುಗಳನ್ನು ಕುರಿತು ನಾನೊಮ್ಮೆ ಒಂದು ಚಾಟೋಕ್ತಿಯನ್ನು ಆಡಿದ್ದುಂಟು. ತರಗತಿ ನಕ್ಕಿತ್ತು. ಹಾಜರಿಯು ಶೇಕಡಾ ೭೫ಕ್ಕೆ ಕಡಿಮೆಯಾದವರ ಪಟ್ಟಿಯಲ್ಲಿ ಅವನ ಹೆಸರನ್ನು ಬರೆದು ಕೊಟ್ಟವನೂ ನಾನೇ.

ಅವನು ಅದಾವುದನ್ನೂ ಮನಸ್ಸಿನಲ್ಲಿಟ್ಟುಕೊಂಡಂತೆ ಕಾಣಲಿಲ್ಲ. ರಾತ್ರಿ ಹನ್ನೊಂದರವರೆಗೆ ಅವನು ಅಲ್ಲಿಯೇ ಇರುತ್ತಿದ್ದನೆಂಬುದು ಎರಡೇ ದಿನಗಳಲ್ಲಿ ನನಗೆ ತಿಳಿಯಿತು.

ಹೆಡ್ಡನ್ನು ಎತ್ತಿದೆವು, ಕೆಳಗಿನ ಎಣ್ಣೆಯ ತೊಟ್ಟಿಯನ್ನು ಇಳಿಸಿದೆವು. ಒಂದೊಂದು ರಾಡಿನ ಕೆಳತುದಿಯೂ ಎರಡು ಹೋಳಿನದು. ಅರ್ಧ ಚಂದ್ರಾಕಾರದ ‘ಕ್ಯಾಪ್’ ಒಂದನ್ನು ಕ್ರ್ಯಾಂಕಿನ ಕೆಳಗಿನಿಂದ ತಂದು, ಎರಡು ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಾನು ಮೂರನ್ನೂ ಉತ್ಸಾಹದಿಂದ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದೆ. ಹುಡುಗನು ಮೆಲ್ಲಗೆ, “ಸರ್, ಗುರ್ತು ಹಾಕಿ ಇಡೂನ್ರಿ. ಒಂದರದ್ದು ಇನ್ನೊಂದಕ್ಕ ಕೂಡಲ್ಲ” ಎಂದ. ಕಣ್ಣಿಗೆ ಮೂರೂ ಅವಳಿಗಳಂತೆ ಇದ್ದುವು. “ನನಗೆ ನೆನಪಿರುತ್ತದೆ, ಬಿಡು” ಎಂದೆ. ಉಪನ್ಯಾಸಕನ ಧ್ವನಿಯಲ್ಲಿಯೇ ಹೇಳಿದೆ, ಹುಡುಗ ಸುಮ್ಮನಾದ.

ಕಚ್ಚಿಕೊಂಡ ಪಿಸ್ಟನ್ನುಗಳಿಗೆ ಎಣ್ಣೆ ಕುಡಿಸಿ, ಮರದ ದಿಮ್ಮಿಯಿಟ್ಟು ಬಡಿದು ತೆಗೆಯಲು ಮೂರು ಸಂಜೆ ಹಿಡಿಯಿತು. ಆ ಬಳಿಕ ಬ್ಲಾಕು ಬೋರಿಂಗ್ ಅಂಗಡಿಗೆ ಹೋಯಿತು. ತುಕ್ಕು ತಿಂದ ಸಿಲಿಂಡರಿನ ಗೋಡೆಗಳನ್ನು ಮಿಲಿಮೀಟರಿನ ಅರ್ಧದಷ್ಟು ಅಗಲ ಮಾಡಿ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನುಗಳನ್ನು ತರಿಸಬೇಕಾಗಿತ್ತು.

ಅದು ಮರಳಿ ಬರುವವರೆಗಿನ ಬಿಡುವಿನಲ್ಲಿ ನಾನು ಹಳೆಯ ಅಭ್ಯಾಸದಂತೆ ಪುಸ್ತಕಗಳಿಗೆ ಮರಳಿದೆ. ಈ ನಾಲ್ಕು ಓಟದ ಎಂಜಿನ್ನನ್ನು ಜರ್ಮನಿಯ ನಿಕೊಲಾಸ್ ಓಟೋ ೧೮೭೬ರಲ್ಲಿ ಓಡಿಸಿ ತೋರಿಸಿದನು. ಹತ್ತು ವರ್ಷದ ಮೇಲೆ ಕಾರ್ಲ್ ಬೆಂಜ್ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಪಡೆದನು. ಆದರೆ ಅದನ್ನು ದೂರದ ಊರಿಗೆ ಮೊದಲು ಓಡಿಸಿದವಳು ಅವನ ಪತ್ನಿ ಬರ್ತಾ. ೧೮೮೮ರ ಆಗಸ್ಟಿನಲ್ಲಿ, ಗಂಡನಿಗೂ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಆಕೆ ಕ್ರಮಿಸಿದಳು. ಇಂಧನ ತೀರಿದಾಗ ಔಷಧದ ಅಂಗಡಿಯಲ್ಲಿ ಕೊಂಡಳಂತೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಚುಚ್ಚಿ ಬಿಡಿಸಿದಳಂತೆ. ಇದನ್ನು ಮನೆಯಲ್ಲಿ ಓದಿ ಹೇಳಿದೆ. “ತವರಿಗೆ ಹೋಗುವುದಾದರೆ ಹೆಂಗಸರಿಗೆ ಯಾವ ಯಂತ್ರವೂ ಕಷ್ಟವಲ್ಲ” ಎಂಬ ಉತ್ತರ ಬಂತು.

ಅದೇ ೧೮೮೮ರಲ್ಲಿ ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಸೈಕಲ್ ಅಂಗಡಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದೆ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ಅಲ್ಲಿಯೇ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ೧೯೧೦ರಲ್ಲಿ ಔಂಧ್ ಸಂಸ್ಥಾನದ ಬಂಜರು ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು, ಕಬ್ಬಿಣದ ನೇಗಿಲುಗಳು ಬಂದುವು. ೧೯೪೬ರಲ್ಲಿ ಪುಣೆಯಲ್ಲಿ ಅವರ ಮನೆತನದ ಎಣ್ಣೆ ಎಂಜಿನ್ನಿನ ಕಾರ್ಖಾನೆ ಸ್ಥಾಪಿತವಾಯಿತು. ಮಾಸ್ತರಿಕೆಯನ್ನು ಬಿಟ್ಟು ಹೋದವರ ಕಥೆಯೆಂದು ನಾನು ಇದನ್ನು ಹೇಳುತ್ತಿಲ್ಲ. ಮಾಸ್ತರನ ಕೈಗೂ ಕಬ್ಬಿಣ ಒಲಿಯುವುದುಂಟೆಂಬ ಧೈರ್ಯಕ್ಕಾಗಿ ಓದಿಕೊಂಡೆ.

ದೂರದವರ ಮಾತೇಕೆ, ಎಂಜಿನ್ನಿನ ಹುಟ್ಟಿನ ಗುಟ್ಟು ನಮ್ಮ ಬೀದರದ ಓಣಿಯಲ್ಲಿಯೇ ಇದೆ. ಬಿದರಿಯ ಹೂಜಿಯನ್ನು ಮಾಡುವವರು ಕೆಮ್ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಕಲಸಿ ಅಚ್ಚು ಮಾಡಿ, ಅದರೊಳಕ್ಕೆ ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿದ ಕರಗಿದ ಲೋಹವನ್ನು ಎರೆಯುತ್ತಾರೆ. ಬೆಳ್ಳಿಯ ಕುಸುರಿ, ಕೋಟೆಯ ಮಣ್ಣು, ನವಸಾಗರದ ಕಪ್ಪು, ಇವೆಲ್ಲ ಆಮೇಲಿನ ಮಾತು. ಎಂಜಿನ್ನಿನ ಬ್ಲಾಕೂ ಹೀಗೆಯೇ ಮರಳಿನ ಅಚ್ಚಿನಲ್ಲಿ ಎರೆದದ್ದು. ಸತುವು ೪೨೦ ಡಿಗ್ರಿಯಲ್ಲಿ ಕರಗಿದರೆ, ಬೀಡುಕಬ್ಬಿಣಕ್ಕೆ ಸಾವಿರದ ನೂರಕ್ಕೂ ಮಿಕ್ಕಿದ ಕಾವು ಬೇಕು. ಸಿಲಿಂಡರುಗಳ ಸುತ್ತ ತಂಪಿನ ನೀರು ಹರಿಯುವ ಓಣಿಗಳಿವೆಯಲ್ಲ, ಅವುಗಳ ಆಕಾರದಲ್ಲಿ ಮರಳಿನ ತಿರುಳುಗಳನ್ನು ಮಾಡಿ ಅಚ್ಚಿನ ಗರ್ಭದಲ್ಲಿ ಇಟ್ಟಿರುತ್ತಾರೆ. ಲೋಹ ಗಟ್ಟಿಯಾದ ಮೇಲೆ ಮರಳನ್ನು ತೂತುಗಳಿಂದ ಉದುರಿಸಿ, ಆ ತೂತುಗಳಿಗೆ ತಗಡಿನ ಬಿರಡೆ ಜಡಿಯುತ್ತಾರೆ. ನಮ್ಮ ಬ್ಲಾಕಿನ ಒಂದು ಬಿರಡೆ ಬಿಸ್ಕತ್ತಿನಂತೆ ಪುಡಿಯಾಗಿತ್ತು.

ಬ್ಲಾಕು ಬಂತು. ಕೊರೆದ ಗೋಡೆಗಳು ಕನ್ನಡಿಯಂತೆ ನುಣುಪಾಗಿರುತ್ತವೆಂದು ನಾನು ಭಾವಿಸಿದ್ದೆ. ನೋಡಿದರೆ ಅಡ್ಡಡ್ಡ ಗೀರುಗಳು! ಮೋಸವಾಯಿತೆಂದುಕೊಂಡೆ. ಉಸ್ತಾದರು ನಕ್ಕರು. ಆ ಗೀರುಗಳನ್ನು ಬೇಕೆಂದೇ ಮೂಡಿಸುತ್ತಾರೆ. ಎಣ್ಣೆ ಅವುಗಳಲ್ಲಿ ನಿಲ್ಲುತ್ತದೆ, ಗೋಡೆ ತೀರ ನುಣುಪಾದರೆ ಎಣ್ಣೆ ಜಾರಿಹೋಗಿ ರಿಂಗು ಸುಡುತ್ತದೆ.

ಮುಂದಿನ ವಾರವೆಲ್ಲ ನಾನು ಕಲಿತದ್ದು ಸಂದುಗಳನ್ನು. ಬಿಗಿಯಾಗಿ ಕೂಡಿಸುವುದೇ ಕಟ್ಟುವುದು ಎಂದು ತಿಳಿದಿದ್ದ ನನಗೆ, ಎಲ್ಲಿ ಎಷ್ಟು ಸಡಿಲ ಬಿಡಬೇಕೆಂಬುದೇ ಈ ವಿದ್ಯೆಯ ವ್ಯಾಕರಣವೆಂದು ತಿಳಿಯಿತು. ಪಿಸ್ಟನ್ನಿಗೂ ಗೋಡೆಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಸುಮಾರು ನಾಲ್ಕು ಪಾಲು, ತಲೆಗೂದಲಿಗಿಂತ ತೆಳ್ಳಗಿನ ಬಿಡುವು. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಕಾವಿಗೆ ಕಬ್ಬಿಣಕ್ಕಿಂತ ಎರಡರಷ್ಟು ಹಿಗ್ಗುತ್ತದೆ. ಬಿಡುವಿಲ್ಲದಿದ್ದರೆ ಹಿಗ್ಗಿ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಲವೆಲ್ಲ ಸೋರುತ್ತದೆ. ಆ ಸೋರಿಕೆಯನ್ನು ತಡೆಯಲು ಪಿಸ್ಟನ್ನಿಗೆ ಮೂರು ರಿಂಗುಗಳು. ಒಂದೊಂದು ರಿಂಗಿಗೂ ಒಂದೊಂದು ಸೀಳು ಬಾಯಿ. ಮೂರರ ಬಾಯಿಗಳೂ ಒಂದೇ ನೇರಕ್ಕೆ ಬಾರದಂತೆ ದೂರ ದೂರ ತಿರುಗಿಸಿಡಬೇಕು. ರಿಂಗು ತೊಡಿಸುವ ಅವಸರದಲ್ಲಿ ಎರಡನ್ನು ನಾನು ಮುರಿದೆ. ಹುಡುಗನು ಮೂರನೆಯದನ್ನು ತೆಗೆದುಕೊಂಡು, ಎರಡು ಹೆಬ್ಬೆರಳುಗಳಿಂದ ಬಳೆಗಾರನು ಬಳೆ ತೊಡಿಸುವ ನಾಜೂಕಿನಲ್ಲಿ ಏರಿಸಿ ತೋರಿಸಿದ. ಅದೇ ಕರಿಯ ಉಗುರುಗಳು.

ಶುಕ್ರವಾರ ಮಧ್ಯಾಹ್ನ ಕಾಲೇಜಿಗೆ ರಜೆಯಿತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು. ಹುಡುಗನು ಬೇರೆ ಕೆಲಸದಲ್ಲಿದ್ದ. ಪಿಸ್ಟನ್ನುಗಳನ್ನು ಮೇಲಿನಿಂದ ಇಳಿಸಿಯಾಗಿತ್ತು. ಕ್ಯಾಪುಗಳನ್ನು ಡಬ್ಬಿಯಿಂದ ತೆಗೆದು, ನೆನಪಿದ್ದ ಹಾಗೆ ಜೋಡಿಸಿ, ಮೂರನ್ನೂ ಒಟ್ಟಿಗೆ ಬಿಗಿದುಬಿಟ್ಟೆ. ಆಮೇಲೆ ಕ್ರ್ಯಾಂಕಿಗೆ ಪಾನಾ ಹಚ್ಚಿ ತಿರುಗಿಸಿದರೆ, ಅಲುಗಲಿಲ್ಲ. ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆಯಹೊರಟೆ. ಹುಡುಗನು ಓಡಿಬಂದು ಪೈಪನ್ನು ಹಿಡಿದುಕೊಂಡ.

ಅಷ್ಟರಲ್ಲಿ ಉಸ್ತಾದರು ಬಂದರು. ಕ್ರ್ಯಾಂಕನ್ನು ಮುಟ್ಟಿ ನೋಡಿದರು, ಒಂದು ಕ್ಯಾಪು ಬಿಚ್ಚಿ ಬೆಳಕಿಗೆ ಹಿಡಿದರು. ಅವರ ಮುಖ ಗಂಟಿಕ್ಕಿತು.

“ಗುರ್ತಿಲ್ಲದ ಬಿಚ್ಚಿದವರು ಯಾರು?”

“ನಾನೇ ಉಸ್ತಾದ್” ಎಂದ ಹುಡುಗ.

ಹತ್ತು ವರ್ಷದಿಂದ ನಾನು ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದೇನೆ. ತಾಳೆಯ ಗರಿಗಳ ಕಟ್ಟನ್ನು ಬಿಚ್ಚುವ ಮೊದಲು ಗರಿಗಳ ಸಂಖ್ಯೆಯನ್ನು ನೋಡಿಕೊಳ್ಳಬೇಕು, ಸಂಖ್ಯೆ ಅಳಿಸಿದ್ದರೆ ತಾನೇ ಗುರುತು ಹಾಕಬೇಕು, ಕದಡಿದ ಗರಿಗಳಿಂದ ಕಾವ್ಯವೇ ಕೆಟ್ಟುಹೋಗುವುದೆಂದು ಎಷ್ಟು ಸಲ ಹೇಳಿಲ್ಲ! ಆ ಪಾಠ ನನ್ನ ಗಂಟಲಲ್ಲಿಯೇ ನಿಂತಿತು. ಉಸ್ತಾದರು ಹುಡುಗನನ್ನು ಬೈಯತೊಡಗಿದರು. ದಖನಿಯಲ್ಲಿ ಬೈದರೆ ಅದು ಬೇಗ ಮುಗಿಯುವುದಲ್ಲ. ಹುಡುಗನು ತಲೆ ತಗ್ಗಿಸಿ ನಿಂತಿದ್ದ. ನಾನು ಕೈಯಲ್ಲಿನ ಚಿಂದಿಬಟ್ಟೆಯಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತಿದ್ದೆ. ಐದೂ ಬೆರಳು ಒರೆಸಿಕೊಂಡೆ. ಎರಡನೆಯ ಕೈಯನ್ನೂ ಒರೆಸಿಕೊಂಡೆ. ಅಷ್ಟು ಹೊತ್ತು ನಾನು ಮಾತಾಡಲಿಲ್ಲವೆಂಬುದನ್ನು ಇಲ್ಲಿ ಬರೆಯದೆ ಬಿಡುವಂತಿಲ್ಲ.

ಆಮೇಲೆ, “ಅವನಲ್ಲ, ಉಸ್ತಾದರೇ. ಅವನು ಗುರುತು ಹಾಕೋಣವೆಂದೇ ಹೇಳಿದ. ಬೇಡವೆಂದವನು ನಾನು” ಎಂದೆ.

ಉಸ್ತಾದರು ಬೈಗುಳವನ್ನು ನಡುವೆ ನಿಲ್ಲಿಸಿದರು. ನನ್ನನ್ನು ಬೈಯಲಿಲ್ಲ; ಬೈದಿದ್ದರೆ ಹಗುರವಾಗುತ್ತಿತ್ತು. “ಮತ್ತ ಬಿಚ್ಚರಿ ಸರ್” ಎಂದರು, ಅಷ್ಟೇ.

ರಾಡನ್ನೂ ಅದರ ಕ್ಯಾಪನ್ನೂ ಕಾರ್ಖಾನೆಯಲ್ಲಿ ಮೊದಲು ಜೋಡಿಸಿ, ಬಿಗಿದು, ಆಮೇಲೆ ಒಟ್ಟಿಗೆ ಕೊರೆದು ದುಂಡು ಮಾಡಿರುತ್ತಾರೆ. ಆದ್ದರಿಂದ ಒಂದರ ಅರ್ಧ ಇನ್ನೊಂದರ ಅರ್ಧದೊಡನೆ ಪೂರ್ಣವೃತ್ತವಾಗುವುದಿಲ್ಲ; ತಪ್ಪು ಕೂದಲಿಗಿಂತ ಸಣ್ಣದಾದರೂ ಕ್ರ್ಯಾಂಕನ್ನು ಅದು ಹಿಡಿದುಬಿಡುತ್ತದೆ. ಮೂರು ಕ್ಯಾಪುಗಳನ್ನು ಮೂರು ರಾಡುಗಳಿಗೆ ಹಂಚುವ ಬಗೆಗಳು ಆರು. ಹುಡುಗನು ನೆಲದ ಮೇಲೆ ಬಟ್ಟೆ ಹಾಸಿ, ಬೇರಿಂಗಿನ ಚಿಪ್ಪುಗಳನ್ನು ತೆಗೆದಿಟ್ಟು, ಒಂದೊಂದನ್ನೂ ಜೋಡಿಸಿ, ಸಂದಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿದ. ಉಗುರು ತಡೆದರೆ ಜೋಡಿಯಲ್ಲ, ಜಾರಿದರೆ ಜೋಡಿ. ನನಗೂ ಎಳೆಯಲು ಕೊಟ್ಟ. ನನ್ನ ಬಿಳಿಯ ಉಗುರಿಗೆ ಏನೂ ತಿಳಿಯಲಿಲ್ಲ. ಒಂದು ಮತ್ತು ಎರಡು ಅದಲುಬದಲಾಗಿದ್ದುವು. ಈ ಬಾರಿ ಒಂದೊಂದು ಕ್ಯಾಪು ಬಿಗಿದಾಗಲೂ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸಿ ನೋಡಿ ಮುಂದಕ್ಕೆ ಹೋದೆವು. ಮೂರನೆಯದಾದ ಮೇಲೂ ಅದು ಎಣ್ಣೆಯಲ್ಲಿ ತೇಲಿದಂತೆ ಸುತ್ತಿತು.

ಹೆಡ್ಡು ಕೂಡಿತು. ವಾಲ್ವುಗಳನ್ನು ತೆರೆದು ಮುಚ್ಚುವ ಮೇಲಿನ ದಂಡವು ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೇ ಸುತ್ತು ಸುತ್ತಬೇಕು; ಹಲ್ಲಿನ ಬೆಲ್ಟನ್ನು ಗುರುತಿಗೆ ಗುರುತು ಹೊಂದಿಸಿ ಏರಿಸಿದೆವು. ಗುರುತಿನ ಮಾತು ಬಂದಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಒಂಬತ್ತಕ್ಕೆ ಕೀಲಿ ತಿರುಗಿಸಿದೆ. ಮೂರು ಸಲ ಕೆಮ್ಮಿತು. ನಾಲ್ಕನೆಯ ಸಲ ಹೊತ್ತಿಕೊಂಡು, ಗ್ಯಾರೇಜಿನ ತುಂಬ ಬಿಳಿಯ ಹೊಗೆ ಉಗುಳಿ, ನಿಂತಿತು. ಮತ್ತೆ ತಿರುಗಿಸಿದಾಗ ನಿಲ್ಲಲಿಲ್ಲ. ಉಸ್ತಾದರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ಚಹಾ ತರಿಸಿದರು.

ಕಾಲೇಜಿನ ಹಾಜರಿಯ ನಿಯಮವನ್ನು ಸಡಿಲಿಸುವುದು ನನ್ನ ಕೈಯಲ್ಲಿಲ್ಲ. ಸಹೋದ್ಯೋಗಿಯೊಬ್ಬರನ್ನು ಕೇಳಿಕೊಂಡು, ಮೊದಲ ಗಂಟೆಯ ನನ್ನ ತರಗತಿಯನ್ನು ಅವರ ಮೂರನೆಯ ಗಂಟೆಯೊಡನೆ ಬದಲಿಸಿಕೊಂಡೆ. ಹತ್ತು ಗಂಟೆಗೆ ಭಾಲ್ಕಿ ತಲಪುವುದು ಅವನಿಗೆ ಕಷ್ಟವಾಗಲಿಲ್ಲ. ಆ ಅರ್ಧವರ್ಷದ ಉಳಿದ ದಿನಗಳಲ್ಲಿ ಅವನು ಎರಡೇ ದಿನ ತಪ್ಪಿಸಿದ. ಅದರಲ್ಲಿ ಒಂದು ದಿನ ನಮ್ಮ ಕಾರಿನ ಕ್ಲಚ್ಚಿನ ನಿಮಿತ್ತ. ನೋಂದಣಿಯ ಕಾಗದ ಪತ್ರಗಳಿಗಾಗಿ ನಾನು ತಿರುಗಿದ್ದು ಬೇರೆಯೇ ಒಂದು ಪುರಾಣ. ಅದಕ್ಕೆ ಮತ್ತೊಂದು ವಾರ ಬೇಕು.

ಸಂಕ್ರಾಂತಿಯ ಹಿಂದಿನ ದಿನ ಕಾರು ಔರಾದಿಗೆ ಹೋಯಿತು. ಹೊಸ ರಿಂಗುಗಳು ಗೋಡೆಗೆ ಒಗ್ಗಿಕೊಳ್ಳುವವರೆಗೆ ನಿಧಾನವಾಗಿ ಓಡಿಸಬೇಕೆಂದು ಉಸ್ತಾದರ ಕಟ್ಟಪ್ಪಣೆ. ಆದ್ದರಿಂದ ಎತ್ತಿನ ಗಾಡಿಗಳಿಗೆ ಮಾತ್ರ ನಾವು ಹಾರನ್ನು ಬಾರಿಸಿದೆವು. ಹುಡುಗನು ಪಕ್ಕದಲ್ಲಿ ಕುಳಿತಿದ್ದ. ಅವ್ವ ಹೊರಗೆ ಬಂದು, ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮುಂದಿನ ಆಸನದಲ್ಲಿ ಕುಳಿತಳು. ಅಮರೇಶ್ವರನ ಗುಡಿಯವರೆಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಮೇಲೆ, ಕೆಳಗಿಳಿಯುವ ಮೊದಲು ಹೇಳಿದಳು:

“ನಿಮ್ಮಪ್ಪ ಇದ್ದಾಗ ಇದು ಇಷ್ಟು ಟಕ್ ಟಕ್ ಅಂತಿದ್ದಿಲ್ಲ ನೋಡು, ತಮ್ಮಾ.”

ನಾನು ಹುಡುಗನ ಕಡೆ ನೋಡಿದೆ. ಅವನು ಬಾನೆಟ್ಟಿನ ಮೇಲೆ ಕಿವಿಯಿಟ್ಟು, “ಅವ್ವಾರು ಬರೋಬ್ಬರಿ ಹೇಳ್ಯಾರ ಸರ್, ವಾಲ್ವಿನ ಸಂದು ಜರಾ ಜಾಸ್ತಿ ಆಗ್ಯಾದ” ಎಂದು, ಜೇಬಿನಿಂದ ಸಂದು ಅಳೆಯುವ ತಗಡಿನ ಪಟ್ಟಿಗಳ ಕಟ್ಟನ್ನು ತೆಗೆದ. ಆದರೆ ಅದನ್ನು ಎಂಜಿನ್ನು ಆರಿದ ಮೇಲೆಯೇ ಅಳೆಯಬೇಕು. ಅವ್ವ ಚಹಾಕ್ಕೆ ಇಟ್ಟಳು. ನಾವಿಬ್ಬರೂ ಬೇವಿನ ಮರದ ಕೆಳಗೆ, ಬಾನೆಟ್ಟು ಎತ್ತಿಟ್ಟು, ಅದು ಆರುವುದನ್ನು ಕಾಯುತ್ತ ಕುಳಿತೆವು.